ಪಪ್ಪನ ಕಡೆಯ ಗೂಟಗಳು

ತಲೆಯನ್ನು ಡೇರೆಯೊಳಗೆ ತೂರಿಸಿ, ಮೊಣಕಾಲೂರಿ, ಹಾಲ್ವಾರ್ ಒಂದೊಂದು ಮೂಲೆಯನ್ನೂ ಮೂಗಿನಿಂದಲೇ ತಡಕುತ್ತಿದ್ದ. ವಿನಿಗರ್ ನೀರಲ್ಲಿ ಒರೆಸಿದ್ದಾಗಿತ್ತು, ಬೆಳಗಿನಿಂದ ಬಿಸಿಲಿಗೆ ಹರವಿದ್ದಾಗಿತ್ತು. ಆದರೂ ಆ ವಾಸನೆ, ನೆಲಮಾಳಿಗೆಯದೋ ಹಳಸಿದ ಬ್ರೆಡ್ಡಿನದೋ ಮರೆತುಹೋದ ಒದ್ದೆ ಬಟ್ಟೆಯದೋ ಹೇಳಲಾಗದಂಥದ್ದು, ಹೊಲಿಗೆಯ ಯಾವುದೋ ಸಂದಿಯಲ್ಲಿ ಅಡಗಿ ಕೂತಿತ್ತು. ಇಲ್ಲಿ ಇಲ್ಲ ಎಂದುಕೊಂಡು ಮುಖ ತಿರುಗಿಸಿದರೆ ಅಲ್ಲಿಂದ ಬರುತ್ತಿತ್ತು. ತನ್ನ ತಲೆ ಒಳಗೆ, ಉಳಿದ ಮೈಯೆಲ್ಲ ಹೊರಗೆ, ಮೂರು ಮಹಡಿಯ ಕಿಟಕಿಗಳೆಲ್ಲ ನೋಡುವ ಅಂಗಳದಲ್ಲಿ ಹೀಗೆ ನಾಯಿಯಂತೆ ಮೂಸುತ್ತಿದ್ದೇನೆ ಎನ್ನುವುದು ಹೊಳೆದದ್ದು, ಮೇಲಿನಿಂದ ದನಿ ಕೇಳಿದ ಮೇಲೆಯೇ.

"ಏನೋ ಹಾಲ್ವಾರ್, ಒಳಗೆ ಏನಾದ್ರೂ ಸತ್ತಿದೆಯಾ?"

ಎರಡನೇ ಮಹಡಿಯ ಗುನ್ವೋರ್. ಬಾಲ್ಕನಿಯ ಕಟಕಟೆಗೆ ಎದೆಯೂರಿ ಕಾಫಿ ಕುಡಿಯುತ್ತ, ಕೆಳಗಿನ ಅಂಗಳವೆಲ್ಲ ತನಗಾಗಿ ನಡೆಯುವ ನಾಟಕ ಎಂಬಂತೆ ಕೂತಿರುವ ಮುದುಕಿ.

"ಇಲ್ಲ ಗುನ್ವೋರ್. ಸ್ವಲ್ಪ ಗಾಳಿಗೆ ಹಾಕಿದೀನಿ, ಅಷ್ಟೆ."

"ನಿನ್ನ ಗಾಳಿ ಇಲ್ಲೀವರೆಗೂ ಬಂತಪ್ಪ. ನನ್ನ ಹೆರಿಂಗ್ ಮೀನೇ ಕೆಟ್ಟುಹೋಯ್ತೇನೋ ಅಂತ ಫ್ರಿಜ್ಜೆಲ್ಲ ಖಾಲಿ ಮಾಡಿ ನೋಡಿದೆ." ಆಮೇಲೆ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡಳು. "ಆ ಕರೀ ಚುಕ್ಕೆ ಏನದು? ಬೂಷ್ಟಾ? ಅಯ್ಯೋ ಪುಣ್ಯಾತ್ಮ, ಒದ್ದೆ ಟೆಂಟನ್ನ ಹಾಗೇ ಮಡಚಿಟ್ಟಿದ್ಯಾ?"

ಆ ಊರಿನಲ್ಲಿ ಗಂಡಸು ಹೆಂಡತಿಯನ್ನು ಬಿಟ್ಟರೆ ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಕುಡಿದು ಬಿದ್ದರೆ ಪಾಪ ಅನ್ನುತ್ತಾರೆ. ಒದ್ದೆ ಡೇರೆಯನ್ನು ಒಣಗಿಸದೆ ಮಡಚಿಟ್ಟವನನ್ನು ಮಾತ್ರ ಅವರು ನೋಡುವ ನೋಟವೇ ಬೇರೆ. ಮಳೆಯಲ್ಲಿ ನೆಂದು ಬಂದರೆ ಬಚ್ಚಲಲ್ಲೋ ಮೆಟ್ಟಿಲ ಕಂಬಿಯ ಮೇಲೋ ಊಟದ ಮೇಜಿನ ಮೇಲೋ ಮೊದಲು ಡೇರೆ ಒಣಗಬೇಕು, ಆಮೇಲೆ ಮನುಷ್ಯರು. ಹಾಲ್ವಾರ್‌ನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು.

"ಜೋರು ಮಳೆ ಇತ್ತು ಅವತ್ತು. ಸುನ್ನಿವಾ ಬೇರೆ ಒಂದೇ ಸಮ ಅಳ್ತಿದ್ಲು. ಅವಸರದಲ್ಲಿ..."

ಹೇಳಿದ ಮೇಲೆ ನೆನಪಾಯಿತು, ಮಗಳು ಅಲ್ಲೇ ಇದ್ದಾಳೆ. ಮರಳುಗುಂಡಿಯ ಅಂಚಿನ ಹಲಗೆಯ ಮೇಲೆ ಕಾಲು ಅಗಲಿಸಿ ಕೂತು, ಶಿಶುವಿಹಾರದಲ್ಲಿ ಕಲಿಸಿದ ಹಾಗೆ ಚೂರಿಯ ಅಲಗನ್ನು ತನ್ನಿಂದ ಆಚೆಗೆ ತಳ್ಳುತ್ತ, ಒಂದು ಬರ್ಚ್ ಮರದ ಕಡ್ಡಿಯ ತುದಿ ಹೆರೆಯುತ್ತಿದ್ದಳು. ಕೂತೇ ಹೆರೆಯಬೇಕು, ಚೂರಿ ಹಿಡಿದು ಓಡಾಡಬಾರದು, ಮಾತಾಡುವಾಗ ಕೈ ನಿಲ್ಲಿಸಬೇಕು. ಅವಳು ಕೈ ನಿಲ್ಲಿಸಿದಳು. ಚೂರಿಯನ್ನು ಒರೆಗೆ ಸೇರಿಸಿದಳು. ಕತ್ತೆತ್ತಿ ಗುನ್ವೋರ್‌ಳನ್ನು ನೋಡಿ, ತನ್ನ ಮೈಗೆ ಕಡಲೆಬೀಜ ಆಗುವುದಿಲ್ಲ ಎಂದು ಹೇಳುವ ಮಕ್ಕಳ ಧಾಟಿಯಲ್ಲಿ,

"ಹೌದು. ನಾನು ಟೆಂಟಲ್ಲಿ ಅಳೋಳು" ಎಂದಳು.

"ಅದಕ್ಕೇನು ಪುಟ್ಟಿ, ನನ್ನ ಗಂಡ ಹಡಗಲ್ಲಿ ಅಳ್ತಿದ್ದ" ಎಂದು ಗುನ್ವೋರ್ ಒಳಗೆ ಹೋದಳು.

ಸುನ್ನಿವಾ ಮತ್ತೆ ಚೂರಿ ತೆಗೆದಳು. ತೆಳ್ಳಗಿನ ಬಿಳಿ ಚಕ್ಕೆಗಳು ಅವಳ ಬೂಟಿನ ಮೇಲೆ ಬೀಳುತ್ತಿದ್ದವು. ಹಾಲ್ವಾರ್ ಮತ್ತೆ ಡೇರೆಯೊಳಗೆ ತಲೆ ತೂರಿಸಿದ. ಈ ಸಲ ವಾಸನೆ ಹುಡುಕಲು ಅಲ್ಲ.

ಅವಳು ಅತ್ತಿರಲಿಲ್ಲ. ಹೋದ ಆಗಸ್ಟಿನ ಆ ರಾತ್ರಿ ಸುನ್ನಿವಾ ನಿದ್ದೆ ಹೋಗಿದ್ದಳು. ಮಲಗುವ ಚೀಲದಿಂದ ಒಂದು ಕಿವಿ ಮಾತ್ರ ಹೊರಗಿಟ್ಟು, ಮೂಗು ಕಟ್ಟಿದ ಮಕ್ಕಳು ಉಸಿರಾಡುವ ಹಾಗೆ ಬಾಯಿ ತೆರೆದು. ಟ್ರಾಮಿನ ಕೊನೆಯ ನಿಲ್ದಾಣದಲ್ಲಿ ಇಳಿದು, ಅವಳ ಹೆಜ್ಜೆಗೆ ಹೆಜ್ಜೆ ಹಾಕಿ, ಕಂಡ ಇರುವೆಗೂಡಿಗೆಲ್ಲ ನಮಸ್ಕಾರ ಹೇಳಿ, ಕೆರೆಯ ದಂಡೆ ತಲುಪುವಾಗ ಸಂಜೆಯಾಗಿತ್ತು. ಸುನ್ನಿವಾಳ ಅಮ್ಮ ಮಾರೆನ್ ಬೇರೆ ಮನೆ ಮಾಡಿ ಒಂದು ತಿಂಗಳು ಆಗಿತ್ತೇನೋ. ಒಂದು ವಾರ ಮಗಳು ಅಲ್ಲಿ, ಒಂದು ವಾರ ಇಲ್ಲಿ. ಆ ವಾರ ಇಲ್ಲಿ. ತಾನೊಬ್ಬ ತಂದೆ, ತನ್ನ ಕೈಯಲ್ಲೂ ಎಲ್ಲ ಆಗುತ್ತದೆ ಎಂದು ತೋರಿಸಲು, ಯಾರಿಗೆ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ, ಅವನು ಆ ಡೇರೆ ಕೊಂಡಿದ್ದ. ಮಳೆ ಶುರುವಾದದ್ದು ಕತ್ತಲಾದ ಮೇಲೆ. ಗಾಳಿ ಅದಕ್ಕೂ ಆಮೇಲೆ. ಅವನು ಹಗಲೆಲ್ಲ ಕೆಲಸ ಮಾಡುವುದು ಸದ್ದೇ ಇಲ್ಲದ ಕೋಣೆಯ ಪಕ್ಕದಲ್ಲಿ: ಕಿವಿ ಪರೀಕ್ಷೆಗೆ ಬಂದವರನ್ನು ದಪ್ಪ ಗೋಡೆಯ ಗೂಡಿನಲ್ಲಿ ಕೂರಿಸಿ, ಸಣ್ಣ ಸಣ್ಣ ಸದ್ದು ಕಳಿಸಿ, ಕೇಳಿಸಿದಾಗ ಗುಂಡಿ ಒತ್ತಿ ಎಂದು ಹೇಳುವ ಕೆಲಸ. ಅಂಥವನಿಗೆ ಒಂದು ಬಟ್ಟೆಯ ಗೋಡೆ. ಮಳೆ ತಲೆಯೊಳಗೇ ಬೀಳುತ್ತಿತ್ತು. ಅವನು ಮಲಗಿದ ಪಕ್ಕದ ಬಟ್ಟೆ ಸಡಿಲವಾಗಿ ಮುಖಕ್ಕೆ ಬಡಿಯುತ್ತಿತ್ತು, ಪಟ, ಪಟ, ಆಮೇಲೆ ಸ್ವಲ್ಪ ಸುಮ್ಮನೆ, ಇನ್ನೇನು ನಿಂತಿತು ಅನ್ನುವಾಗ ಮತ್ತೆ ಪಟ. ಹೊರಗೆ ಹೋಗಿ ಬಿಗಿ ಮಾಡಬೇಕು ಎಂದುಕೊಂಡ. ಎದ್ದು ಕೂತವನು ಕೂತೇ ಇದ್ದ. ಟಾರ್ಚಿನ ಬೆಳಕು ಮಗಳ ಆ ಒಂದು ಕಿವಿಯ ಮೇಲೆ ಬಿದ್ದಿತ್ತು. ಇಷ್ಟು ಚಿಕ್ಕ ಕಿವಿ. ಇದನ್ನು ನಂಬಿ ನಾನಿಲ್ಲಿಗೆ ಬಂದಿದ್ದೇನೆಯೇ, ನನ್ನನ್ನು ನಂಬಿ ಇದು ಬಂದಿದೆಯೇ ಎಂದು ಅನ್ನಿಸಿದ್ದೇ ತಡ, ಗಂಟಲೊಳಗಿಂದ ಏನೋ ಕಿತ್ತುಕೊಂಡು ಬಂತು. ಜಾಕೀಟಿನ ತೋಳನ್ನು ಬಾಯಿಗೆ ತುರುಕಿಕೊಂಡು ಅತ್ತ. ಎಷ್ಟು ಹೊತ್ತು ಅತ್ತನೋ. ಆಮೇಲೆ ಫೋನ್ ತೆಗೆದು ಮಾರೆನ್‌ಗೆ ಹೇಳಿದ, ಸುನ್ನಿವಾ ಅಳು ನಿಲ್ಲಿಸ್ತಾನೇ ಇಲ್ಲ, ಮನೆಗೆ ಹೋಗ್ಬೇಕಂತೆ, ನೀನು ಕಾರು ತರ್ತೀಯಾ?

ಮಾರೆನ್ ಕೂಡಲೇ ಬಂದಳು. ನೈಟಿಯ ಮೇಲೆ ಮಳೆಕೋಟು ತೊಟ್ಟು, ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿ, ಟಾರ್ಚ್ ಹಿಡಿದು ದಾರಿಯ ಅರ್ಧಕ್ಕೆ ನಡೆದು ಬಂದಳು. "ಅಳ್ತಾ ಅಳ್ತಾ ನಿದ್ದೆ ಹೋದ್ಲಾ, ಪಾಪ" ಎಂದು ಅವನ ಹೆಗಲಿನಿಂದ ಮಗಳನ್ನು ಎತ್ತಿಕೊಂಡಳು. ಅವನು ಹೌದು ಎಂದ. ಒದ್ದೆ ಡೇರೆಯನ್ನು ಮುದ್ದೆ ಮಾಡಿ ಕಾರಿನ ಡಿಕ್ಕಿಗೆ ಎಸೆದಿದ್ದ. ಮನೆಗೆ ಬಂದವನು ಅದನ್ನು ಹಾಗೆಯೇ ನೆಲಮಾಳಿಗೆಯ ಕಪಾಟಿನೊಳಗೆ ಒದ್ದು ಬಾಗಿಲು ಹಾಕಿದ್ದ.

ಸಣ್ಣ ಸುಳ್ಳು. ಯಾರಿಗೂ ನೋವಾಗದ ಸುಳ್ಳು. ನಾಲ್ಕು ವರ್ಷದ ಮಗು ಡೇರೆಯಲ್ಲಿ ಅತ್ತರೆ ಯಾರಿಗೆ ಏನು? ಆದರೆ ಆ ಸುಳ್ಳು ಮಗಳ ಹಿಂದೆಯೇ ನಡೆಯಲು ಕಲಿಯಿತು, ಅವಳಿಗಿಂತ ಬೇಗ ದೊಡ್ಡದಾಯಿತು. ಅಜ್ಜಿಯ ಮನೆಯಲ್ಲಿ ಉಳಿಯಲು ಹೋದರೆ ಅಜ್ಜಿ ಮೊದಲೇ ಫೋನ್ ಮಾಡಿ, ಇವಳಿಗೆ ರಾತ್ರಿ ಮನೆ ನೆನಪಾಗುತ್ತಂತಲ್ಲ ಎಂದು ಕೇಳುವಳು. ಈ ಜೂನ್ ಮೊದಲ ವಾರ ಶಿಶುವಿಹಾರದ ದೊಡ್ಡ ಮಕ್ಕಳೆಲ್ಲ ಅಲ್ಲಿಯೇ ಒಂದು ರಾತ್ರಿ ಉಳಿಯುವ ಸಂಭ್ರಮ. ಅಂಗಳದಲ್ಲಿ ಬೆಂಕಿ ಹಾಕಿ, ಕೋಲಿಗೆ ಹಿಟ್ಟು ಸುತ್ತಿ ಬ್ರೆಡ್ ಸುಟ್ಟು ತಿಂದು, ಸಾಲಾಗಿ ಮಲಗುವುದು. ಸುನ್ನಿವಾಳನ್ನು ಮಾತ್ರ ಊಟವಾದ ಮೇಲೆ ಕರೆದುಕೊಂಡು ಹೋಗಬಹುದು, ಒತ್ತಾಯ ಬೇಡ ಎಂದು ಮೇಡಂ ಬಹಳ ಮೆದುವಾಗಿ ಹೇಳಿದ್ದರು, ಮಾರೆನ್ ಸರಿ ಎಂದಿದ್ದಳು. ಕರೆತರಲು ಹೋದವನು ಹಾಲ್ವಾರ್. ಬೆಂಕಿಯ ಸುತ್ತ ಕೂತ ಮಕ್ಕಳ ನಡುವಿನಿಂದ ಅವಳು ತಾನಾಗಿ ಎದ್ದು ಬಂದಳು, ಕೋಲಿನ ತುದಿಯ ಬ್ರೆಡ್ ಇನ್ನೂ ಬೆಂದಿರಲಿಲ್ಲ. ಬೂಟು ಹಾಕಿಕೊಂಡಳು. "ನಾಳೆ ಬೆಳಿಗ್ಗೆ ತಿಂಡಿಗೆ ಬಾ" ಎಂದು ಒಬ್ಬ ಹುಡುಗಿ ಕೂಗಿದಳು. ದಾರಿಯುದ್ದಕ್ಕೂ ಸುನ್ನಿವಾ ಆ ಹಸಿ ಹಿಟ್ಟನ್ನು ಕೋಲಿನಿಂದ ಬಿಡಿಸಿಕೊಂಡು ತಿನ್ನುತ್ತ ನಡೆದಳು, ಅವನಿಗೂ ಒಂದು ಚೂರು ಕೊಟ್ಟಳು. ಅವನು ತಿಂದ. ಆಗಲಾದರೂ ಹೇಳಬಹುದಿತ್ತು, ತಿರುಗಿ ಹೋಗಿ ಮೇಡಂಗೆ ಹೇಳಬಹುದಿತ್ತು. ಬಾಯಲ್ಲಿ ಹಿಟ್ಟು ಅಂಟಿಕೊಂಡಿತ್ತು. ಮಾರನೆಯ ದಿನ ಅವಳಿಗೆ ಹೇಳಿದ: ನಾವಿಬ್ಬರೂ ಮತ್ತೆ ಕೆರೆಗೆ ಹೋಗೋಣ. ಒಂದು ಇಡೀ ರಾತ್ರಿ. ಬೆಳಿಗ್ಗೆ ಅಲ್ಲೇ ಏಳೋಣ. ಅವಳು ಯೋಚನೆ ಮಾಡಿ, "ಪ್ರಾಕ್ಟೀಸ್ ಮಾಡ್ಬೇಕು" ಎಂದಿದ್ದಳು.

ಹಾಗಾಗಿ ಈ ಶುಕ್ರವಾರ, ಸಂಜೆ ಕೆರೆಗೆ ಹೊರಡುವ ಮೊದಲು, ಮಧ್ಯಾಹ್ನ ಅಂಗಳದಲ್ಲಿ ಪ್ರಾಕ್ಟೀಸ್. ಅಕ್ಕಪಕ್ಕದವರೆಲ್ಲ ಕಾರಿಗೆ ಸಾಮಾನು ತುಂಬಿ, ನಾಯಿ ಹತ್ತಿಸಿ, ವಾರದ ರಜೆ ಕಳೆಯಲು ಗುಡ್ಡದ ಮೇಲಿನ ತಮ್ಮ ತಮ್ಮ ಮರದ ಮನೆಗಳಿಗೆ ಹೊರಟಿದ್ದರು. ಹೋಗುತ್ತ ಕಿಟಕಿ ಇಳಿಸಿ, "ಎಲ್ಲಿಗೆ ಹಾಲ್ವಾರ್, ಬಟ್ಟೆ ಒಣಗಿಸೋ ತಂತಿ ಪಕ್ಕಾನಾ?" ಎಂದು ನಗುವರು. ಅವನೂ ನಗುವನು. ಅವನಿಗೆ ಮರದ ಮನೆ ಇಲ್ಲ, ಕಾರು ಮಾರೆನ್‌ಳ ಪಾಲಿಗೆ ಹೋಗಿದೆ. ಟ್ರಾಮ್ ಇದೆ.

"ಪಪ್ಪಾ, ನಿನ್ನ ತಲೆ ಒಳಗೇ ಇರುತ್ತಾ ಇವತ್ತು?"

ಅವನು ಹೊರಗೆ ಬಂದ. ಸುನ್ನಿವಾ ತನ್ನ ಪುಟ್ಟ ಚೀಲವನ್ನು ಹುಲ್ಲಿನ ಮೇಲೆ ಸುರಿದಿದ್ದಳು. ಬೆಳಿಗ್ಗೆ ಅವನೇ ಜೋಡಿಸಿ ಕೊಟ್ಟದ್ದು. ಕೂರುವ ಚಾಪೆ, ಟೊಪ್ಪಿ, ಕಂದು ಚೀಸ್ ಹಚ್ಚಿದ ಬ್ರೆಡ್ಡಿನ ಡಬ್ಬಿ. ಈಗ ಡಬ್ಬಿಯ ಜಾಗದಲ್ಲಿ ಮುಷ್ಟಿ ಗಾತ್ರದ ಒಂದು ಕಲ್ಲು ಕೂತಿತ್ತು.

"ಇದ್ಯಾಕೆ ಕಲ್ಲು?"

"ಗೂಟ ಹೊಡಿಯೋಕೆ."

"ಕೆರೆ ಹತ್ರ ಕಲ್ಲಿಗೇನು ಬರ ಕಣೆ? ಎಲ್ಲಿ ನೋಡಿದ್ರೂ ಕಲ್ಲೇ."

"ಅವು ನನ್ನ ಕೈಗೆ ಸರಿಹೋಗದೆ ಇದ್ರೆ? ಇದು ಸರಿಹೋಗುತ್ತೆ." ಮುಂದಿನ ಹಲ್ಲು ಬಿದ್ದ ಸಂದಿಯಿಂದ ನಾಲಗೆ ಹೊರಹಾಕಿ ಆ ಕಲ್ಲನ್ನು ತೂಗಿ ತೋರಿಸಿದಳು. "ನನ್ನ ಚೀಲ ನಾನೇ ಹೊರ್ತೀನಲ್ಲ. ನಿಂಗೇನು ಭಾರ?"

ಭಾರವಿಲ್ಲ ಎಂದು ಅವನು ಒಪ್ಪಿದ. ಬ್ರೆಡ್ಡಿನ ಡಬ್ಬಿ ಅವನ ಚೀಲಕ್ಕೆ ಬಂತು. ಆಮೇಲೆ ಅವಳು ಒಂದು ಉಣ್ಣೆಯ ಕಾಲುಚೀಲವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವನ ಮುಂದೆ ಬಗ್ಗಿಸಿದಳು. ಗೂಟಗಳು. ಬರ್ಚಿನವು, ಜುನಿಪರಿನವು, ಒಂದೊಂದು ಒಂದೊಂದು ಉದ್ದ, ಒಂದಕ್ಕೆ ತುದಿ ಬದಲು ಮೊಂಡು ಮೂಗು, ಇನ್ನೊಂದು ಅಂಕುಡೊಂಕಾಗಿ ಹಾವಿನ ಮರಿಯಂತೆ. ದಾರ ಜಾರದಿರಲೆಂದು ಪ್ರತಿಯೊಂದರ ನೆತ್ತಿಯ ಕೆಳಗೆ ಒಂದು ಗೀರು ಕೆತ್ತಿತ್ತು. ಹೊಸತು ಈಗಷ್ಟೇ ಹೆರೆದದ್ದು, ಒದ್ದೆಯಾಗಿ ಬೆಳ್ಳಗಿತ್ತು. ಹಳೆಯವು ಚಳಿಗಾಲದ್ದಿರಬೇಕು, ಒಣಗಿ ಕಂದಾಗಿದ್ದವು. ಶಿಶುವಿಹಾರದಿಂದ ಮನೆಗೆ ಬರುವಾಗ ಅವಳ ಜೇಬಿನಲ್ಲಿ ಆಗಾಗ ಕಡ್ಡಿ ಸಿಕ್ಕುತ್ತಿದ್ದದ್ದು, ಬಟ್ಟೆ ಒಗೆಯುವ ಮೊದಲು ಅವನು ಎಷ್ಟನ್ನು ಕಸದ ಬುಟ್ಟಿಗೆ ಹಾಕಿದ್ದನೋ, ಈಗ ಅವನಿಗೆ ನೆನಪಾಯಿತು.

"ಎಲ್ಲ ನೀನೇ ಮಾಡಿದ್ದಾ?"

"ಇನ್ಯಾರು? ಇವು ನಿನ್ನ ಕಡೆಗೆ."

"ನನ್ನ ಕಡೆಗೆ ಅಂದ್ರೆ?"

"ನೀನು ಮಲಗೋ ಕಡೆಗೆ. ನನ್ನ ಕಡೆಗೆ ಅಂಗಡಿ ಗೂಟ ಹೊಡಿ, ಪರವಾಗಿಲ್ಲ."

ಅವಳಿಗೆ ಉಚ್ಚೆ ಬಂದಿತ್ತು. ಕಾಲು ಹೆಣೆದುಕೊಂಡು ಮೆಟ್ಟಿಲ ಕಡೆ ಓಡಿದಳು, ಬಾಗಿಲಲ್ಲಿ ನಿಂತು, "ಹೊಡೆದಿಟ್ಟಿರು, ನಾನು ಬಂದು ಎಳೆದು ನೋಡ್ತೀನಿ!" ಎಂದು ಕೂಗಿದಳು.

ಅವನು ಹೊಡೆದ. ಅವಳ ಕಡೆಗೆ ಹೊಳೆಯುವ ಲೋಹದ ಗೂಟಗಳು, ಒಂದೇ ಏಟಿಗೆ ನೆಲಕ್ಕೆ ಇಳಿದವು. ತನ್ನ ಕಡೆಗೆ ಮಗಳವು. ಮೊದಲನೆಯದು ಅರ್ಧ ಇಳಿದು ವಾಲಿತು. ಎರಡನೆಯದನ್ನು ಹೊಡೆದು ದಾರ ಕಟ್ಟಿ ಬೆರಳಿನಿಂದ ಮೀಟಿದ, ಕಳಚಿ ಬಂತು. ಮೂಗು ಮೊಂಡಾದದ್ದು ನೆಲಕ್ಕೆ ಇಳಿಯುವ ಮೊದಲೇ ಸಿಗಿಯಿತು. ಕೆರೆಯ ದಂಡೆಯಲ್ಲಿ ಗಾಳಿ ಬಂದರೆ? ರಾತ್ರಿ ಮತ್ತೆ ಆ ಪಟ ಪಟ ಶುರುವಾದರೆ? ಅವನು ಮೇಲಿನ ಬಾಲ್ಕನಿ ನೋಡಿದ, ಖಾಲಿ. ಮನೆಯ ಬಾಗಿಲು ನೋಡಿದ. ಚೀಲದಿಂದ ಲೋಹದ ಗೂಟಗಳನ್ನು ತೆಗೆದು, ಮಗಳ ಗೂಟದ ಪಕ್ಕದಲ್ಲೇ, ಹುಲ್ಲಿನೊಳಗೆ ನೆತ್ತಿಯೂ ಕಾಣದಷ್ಟು ಆಳಕ್ಕೆ ಹೊಡೆದು, ದಾರವನ್ನು ಅವಕ್ಕೇ ಬಿಗಿದ. ಮರದ ಗೂಟಗಳನ್ನು ಮೇಲೆ ಸುಮ್ಮನೆ ಚುಚ್ಚಿ ನಿಲ್ಲಿಸಿದ. ನೋಡಿದರೆ ಅವೇ ಹಿಡಿದು ನಿಂತ ಹಾಗಿತ್ತು. ಚೆನ್ನಾಗಿಯೇ ಕಾಣುತ್ತಿತ್ತು. ಎದೆ ಬಡಿದುಕೊಳ್ಳುತ್ತಿತ್ತು. ಐದು ವರ್ಷದ ಮಗುವಿಗೆ ಮೋಸ ಮಾಡಲು ಇಷ್ಟು ಎದೆ ಬಡಿದುಕೊಳ್ಳಬೇಕೇ ಎಂದು ಅವನಿಗೇ ನಗು ಬಂತು, ನಗು ಪೂರ್ತಿ ಬರಲಿಲ್ಲ.

ಸುನ್ನಿವಾ ಕೈ ಒದ್ದೆ ಮಾಡಿಕೊಂಡು ಬಂದಳು. ಮೊದಲು ತನ್ನ ಕಡೆ ಹೋಗಿ ಅಂಗಡಿ ಗೂಟಗಳನ್ನು ಕಾಲಿನಿಂದ ಮುಟ್ಟಿ, ಹೂಂ ಎಂದಳು. ಆಮೇಲೆ ಅವನ ಕಡೆ ಬಂದು ಹುಲ್ಲಿನ ಮೇಲೆ ಬೋರಲು ಮಲಗಿದಳು. ಕೆನ್ನೆ ನೆಲಕ್ಕಿಟ್ಟು, ಒಂದು ಕಣ್ಣು ಮುಚ್ಚಿ, ದಾರದ ಉದ್ದಕ್ಕೂ ನೋಡಿದಳು. ಬೆರಳು ಹುಲ್ಲಿನೊಳಗೆ ಹೋಯಿತು. ನಿಂತಿತು.

"ಇದು ನಂದಲ್ಲ."

ಕಿವಿ ಪರೀಕ್ಷೆಯ ಗೂಡಿನೊಳಗೆ ಕೂತು, ಸದ್ದೇ ಕಳಿಸದಿದ್ದರೂ ಗುಂಡಿ ಒತ್ತುವವರನ್ನು ಹಾಲ್ವಾರ್ ದಿನವೂ ನೋಡುತ್ತಾನೆ. ಕೇಳಿಸುವುದಿಲ್ಲ ಎನ್ನಲು ನಾಚಿಕೆ. ಕೇಳಿಸಿತು ಎಂದು ಒತ್ತುತ್ತಾರೆ. ಅವರ ಮುಖ ನೋಡಿದರೇ ಅವನಿಗೆ ತಿಳಿಯುತ್ತದೆ, ಅಷ್ಟು ಸುಲಭ ಅದು. ಈಗ ಅವನ ಮುಖ ಹಾಗೆಯೇ ಇದ್ದಿರಬೇಕು.

"ನಿನ್ನವು ಸಡಿಲ ಆಗ್ತಿದ್ವು ಪುಟ್ಟಿ. ಅದಕ್ಕೆ ಸಹಾಯಕ್ಕೆ ಅಂತ..."

"ಹೇಳ್ಬೇಕಿತ್ತು."

"ಹೌದು."

"ನೀನು ನೆಟ್ಟಗೆ ಹೊಡೆದಿದೀಯ. ನೆಟ್ಟಗೆ ಹೊಡೆದ್ರೆ ಯಾವ ಗೂಟಾನೂ ಕಿತ್ತು ಬರುತ್ತೆ. ಟೆಂಟಿಗೆ ಬೆನ್ನು ಹಾಕಿ ಮಲಗಬೇಕು ಅದು. ಹೀಗೆ." ಎದ್ದು ನಿಂತು, ಹಿಂದಕ್ಕೆ ಒರಗಿ, ಹಗ್ಗ ಜಗ್ಗುವವಳ ಹಾಗೆ ಮೈ ಮಾಡಿ ತೋರಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಡ್ಡ ಗೆಳೆಯನಿಗೆ ಹೇಳಿಕೊಡುವ ಬೇಸರವಿತ್ತು. ಅದೇ ಅವನಿಗೆ ಸಿಟ್ಟಿಗಿಂತ ಹೆಚ್ಚು ತಾಗಿತು.

"ಸರಿ. ಮತ್ತೆ ಹೊಡಿಯೋಣ" ಎಂದು ಅವನು ಲೋಹದ ಗೂಟಗಳನ್ನು ಕೀಳತೊಡಗಿದ. "ಆದ್ರೆ ಎಲ್ಲಾನೂ ನನ್ನ ಕಡೆಗೇ ಯಾಕೆ? ನಿನ್ನ ಕಡೆಗೆ ಒಂದೂ ಬೇಡ್ವಾ?"

"ನನ್ನ ಕಡೆ ಬಟ್ಟೆ ಹೊಡ್ಕೊಳ್ತಿರ್ಲಿಲ್ಲ."

"ಯಾವಾಗ?"

"ಹೋದ ಸಲ. ನಿನ್ನ ಕಡೆ ಹೊಡ್ಕೊಳ್ತಿತ್ತಲ್ಲ, ಪಟ ಪಟ ಅಂತ. ನಿನ್ನ ಮುಖಕ್ಕೇ ಹೊಡೀತಿತ್ತು." ತನ್ನ ಅಂಗೈಯಿಂದ ತನ್ನ ಕೆನ್ನೆಗೆ ಮೆತ್ತಗೆ ಹೊಡೆದುಕೊಂಡು ತೋರಿಸಿದಳು. "ಅದಕ್ಕೆ ನೀನು ಅತ್ತೆ."

ಯಾರದೋ ಕಾರು ಗೇಟಿನಿಂದ ಹೊರಗೆ ಹೋಯಿತು. ಧ್ವಜದ ಕಂಬದ ಹಗ್ಗ ಕಂಬಕ್ಕೆ ತಾಗಿ ಟಿಣ್ ಟಿಣ್ ಎನ್ನುತ್ತಿತ್ತು; ಇಷ್ಟು ಹೊತ್ತು ಅದು ಅವನ ಕಿವಿಗೆ ಬಿದ್ದಿರಲಿಲ್ಲ. ಕೈಯಲ್ಲಿದ್ದ ಗೂಟದ ಮಣ್ಣನ್ನು ಅವನು ಹೆಬ್ಬೆರಳಿನಿಂದ ಒರೆಸಿದ, ಪೂರ್ತಿ ಹೋದ ಮೇಲೂ ಒರೆಸಿದ.

"ನೀನು ನಿದ್ದೆ ಮಾಡಿರ್ಲಿಲ್ವಾ?"

"ಕಣ್ಣು ಮುಚ್ಕೊಂಡಿದ್ದೆ."

"ಯಾಕೆ?"

ಇದೇನು ಪ್ರಶ್ನೆ ಎಂಬಂತೆ ನೋಡಿದಳು. "ನೀನೇ ಹೇಳಿದ್ದೆಯಲ್ಲ, ಕಣ್ಣು ಮುಚ್ಕೊಂಡು ಮಲಕ್ಕೋ ಅಂತ."

ಬಾಯಿ ತೆರೆದು, ಮೂಗು ಕಟ್ಟಿದ ಉಸಿರು. ಒಂದು ಕಿವಿ ಹೊರಗೆ. ಆ ಕಿವಿ ಎಲ್ಲವನ್ನೂ ಕೇಳಿಸಿಕೊಂಡಿತ್ತು: ಮಳೆ, ಬಟ್ಟೆ, ತೋಳು ಕಚ್ಚಿದ ಅಳು, ಆಮೇಲೆ ಫೋನು. ಗುಂಡಿ ಒತ್ತದೆ ಸುಮ್ಮನಿತ್ತು. ಊರಿನ ಸುಳ್ಳು ಕಿವಿಗಳನ್ನೆಲ್ಲ ಪತ್ತೆ ಹಚ್ಚುವವನು ತನ್ನ ಮೊಣಕೈ ಪಕ್ಕದ ಕಿವಿಯನ್ನು ನಂಬಿ ಕೂತಿದ್ದ. ಅವಳನ್ನು ಹೊತ್ತುಕೊಂಡು ಕತ್ತಲಲ್ಲಿ ನಡೆದಾಗ ಅವಳ ಕೈ ಅವನ ಕುತ್ತಿಗೆಯನ್ನು ಅಷ್ಟು ಗಟ್ಟಿಯಾಗಿ ಹಿಡಿದಿತ್ತಲ್ಲ. ನಿದ್ದೆ ಹೋದ ಮಗುವಿನ ಕೈಗೆ ಅಷ್ಟು ಬಿಗಿ ಎಲ್ಲಿಂದ ಬರಬೇಕು?

ಅವನು ಹುಲ್ಲಿನ ಮೇಲೆ ಕೂತ. "ಮತ್ತೆ ಎಲ್ಲರ ಹತ್ರಾನೂ ನೀನು ಟೆಂಟಲ್ಲಿ ಅಳೋಳು ಅಂತ ಹೇಳ್ತೀಯಲ್ಲ ಸುನ್ನಿವಾ. ಈಗ ಗುನ್ವೋರ್ ಹತ್ರಾನೂ ಹೇಳಿದೆ."

"ನೀನು ಫೋನಲ್ಲಿ ಮಮ್ಮಂಗೆ ಹೇಳಿದೆ. ಸುನ್ನಿವಾ ಅಳ್ತಿದಾಳೆ ಅಂತ." ಅವಳು ಗೂಟವೊಂದರ ತುದಿಯನ್ನು ಹೆಬ್ಬೆರಳಿಗೆ ಚುಚ್ಚಿ ಚುಚ್ಚಿ ನೋಡುತ್ತಿದ್ದಳು. "ಆಮೇಲೆ ಅಜ್ಜಿನೂ ಹೇಳಿದ್ರು. ಮೇಡಮ್ಮೂ ಹೇಳಿದ್ರು. ಕಣ್ಣು ಮುಚ್ಕೊಂಡಿದ್ರೂ ಅಳು ಬರುತ್ತೇನೋ, ನನಗೇ ಗೊತ್ತಾಗ್ಲಿಲ್ವೇನೋ ಅಂದ್ಕೊಂಡೆ."

ಹಸಿ ಹಿಟ್ಟು ತಿನ್ನುತ್ತ ನಡೆದ ದಾರಿ. ತಾನಾಗಿ ಎದ್ದು ಬೂಟು ಹಾಕಿಕೊಂಡದ್ದು. ಅವನಿಗೆ ಅವಳನ್ನು ಅಪ್ಪಿಕೊಂಡು ಏನೇನೋ ಹೇಳಬೇಕೆನಿಸಿತು, ಹೇಳಿದರೆ ಮತ್ತೆ ಅಳು ಕಿತ್ತುಕೊಂಡು ಬರುತ್ತದೆ ಎಂದೂ ಅನಿಸಿತು. ಅವಳು ಇಲ್ಲೂ ಒಂದು ಗೂಟ ಹೊಡೆಯಬೇಕಾದೀತು.

"ನೀನು ಅಳ್ಲಿಲ್ಲ" ಎಂದ. "ಒಂದು ಹನಿನೂ ಇಲ್ಲ. ನಾನು ಪಕ್ಕದಲ್ಲೇ ಇದ್ದೆ. ನಂಗೆ ಗೊತ್ತು. ಅತ್ತಿದ್ದು ನಾನು."

ಅವಳು ತಲೆ ಓರೆ ಮಾಡಿ ಅದನ್ನು ತೂಗಿದಳು, ಕಲ್ಲನ್ನು ತೂಗಿದ ಹಾಗೆ.

"ಒಂದು ಹನಿನೂ ಇಲ್ವಾ?"

"ಒಂದೂ ಇಲ್ಲ."

"ಹಾಗಾದ್ರೆ ಸರಿ" ಎಂದಳು. ಒಂದು ಗಳಿಗೆ ಬಿಟ್ಟು, ತನಗಷ್ಟೇ ಎಂಬಂತೆ, "ನಂಗೂ ಹಾಗೇ ಅನ್ನಿಸಿತ್ತು" ಎಂದಳು. ಆಮೇಲೆ ಕಲ್ಲನ್ನು ಅವನ ಕೈಗೆ ಕೊಟ್ಟಳು. "ಓರೆ ಹೊಡಿ."

ಅವನು ಹೊಡೆದ. ಅವಳು ಗೂಟದ ಕುತ್ತಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಓರೆಯನ್ನು ಕಾದಳು, ಕಲ್ಲು ಬೀಳುವಾಗ ಕಣ್ಣು ಮುಚ್ಚುತ್ತಿದ್ದಳು, ಬೆರಳು ಮಾತ್ರ ಬಿಡಲಿಲ್ಲ. ಹಾವಿನ ಮರಿಯಂಥ ಗೂಟ ನೆಲದೊಳಗೆ ತಾನೇ ದಾರಿ ಹುಡುಕಿಕೊಂಡು ಹೋಯಿತು. ಸಿಗಿದದ್ದನ್ನು ಅವಳು ಕೂತು ಮತ್ತೆ ಹೆರೆದಳು. ಅವನು ಕಾದ. ದಾರ ಕಟ್ಟಿ ಜಗ್ಗಿದರೆ ಗೂಟ ಸ್ವಲ್ಪ ನರಳಿ, ಹಿಂದಕ್ಕೊರಗಿ, ನಿಂತಿತು. ಇನ್ನೊಂದೂ ನಿಂತಿತು. ಬಟ್ಟೆ ಬಿಗಿಯಾಯಿತು. ಸುನ್ನಿವಾ ಬೆರಳಿನಿಂದ ಅದನ್ನು ಡೋಲಿನ ಹಾಗೆ ಬಡಿದು ಕಿವಿಯಿಟ್ಟು ಕೇಳಿದಳು, ಅವನ ಕಿವಿಯನ್ನೂ ಹಿಡಿದು ಎಳೆದು ಅಲ್ಲಿಟ್ಟಳು. "ಕೇಳಿಸ್ತಾ? ಪಟ ಪಟ ಇಲ್ಲ." ಬೂಷ್ಟಿನ ವಾಸನೆ ಅಲ್ಲಿಯೇ ಇತ್ತು. ಇರಲಿ.

ಮಾರೆನ್ ಬಂದಾಗ ಇಬ್ಬರೂ ಹಾಗೆ ಡೇರೆಗೆ ಕಿವಿ ಹಚ್ಚಿ ಕೂತಿದ್ದರು.

"ಒಳಗೆ ಯಾರಾದ್ರೂ ಇದಾರಾ?" ಎಂದಳು ಅವಳು ಗೇಟು ಹಾಕುತ್ತ. ಕೈಯಲ್ಲಿ ಬಟ್ಟೆಯ ಚೀಲ. ಉಣ್ಣೆಯ ಒಳಬಟ್ಟೆಗಳು ಯಾವಾಗಲೂ ಮಗಳಿಲ್ಲದ ಮನೆಯಲ್ಲೇ ಇರುತ್ತವೆ. ಅದಕ್ಕೆ ಇಬ್ಬರೂ ಈಗ ಬೈದುಕೊಳ್ಳುವುದನ್ನೂ ಬಿಟ್ಟಿದ್ದರು. "ತಗೋ, ಮೇಲಿನದು, ಕೆಳಗಿನದು, ಎರಡು ಜೊತೆ ಕಾಲುಚೀಲ. ಹಾಲ್ವಾರ್, ನಿನ್ನ ತಲೆತುಂಬ ಹುಲ್ಲು." ಕೈ ಚಾಚಿ ಒಂದು ಎಳೆ ತೆಗೆದಳು. ಹಳೆಯ ರೂಢಿ. ತೆಗೆದ ಮೇಲೆ ಅದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ತನ್ನ ಜೇಬಿಗೆ ಹಾಕಿಕೊಂಡಳು.

"ಮಮ್ಮಾ, ನೋಡು, ನನ್ನ ಗೂಟ! ಜಗ್ಗು, ಜಗ್ಗು!"

ಮಾರೆನ್ ಜಗ್ಗಿದಳು. "ಅಬ್ಬಾ. ನಮ್ಮ ಕಾರನ್ನೂ ಕಟ್ಟಬಹುದು ಇದಕ್ಕೆ."

ಆಮೇಲೆ ಅವಳು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅವಳ ದನಿ ತಗ್ಗಿತು, ಶಿಶುವಿಹಾರದ ಮೇಡಂ ದನಿಯ ಹಾಗೆ ಮೆದುವಾಯಿತು. ಆ ಮೆದು ಹಾಲ್ವಾರ್‌ಗೆ ಗೊತ್ತು. ಅದನ್ನು ಹುಟ್ಟಿಸಿದವನು ಅವನೇ. ಚೀಲದ ತಳದಿಂದ ಅವಳು ಗೂಬೆಯಾಕಾರದ ಒಂದು ಪುಟ್ಟ ದೀಪ ತೆಗೆದಳು, ಹೊಟ್ಟೆ ಒತ್ತಿದರೆ ಹಳದಿ ಬೆಳಕು.

"ಇದನ್ನ ತಲೆ ಹತ್ರ ಇಟ್ಕೋ. ನನ್ನ ಫೋನು ದಿಂಬಿನ ಕೆಳಗೇ ಇರುತ್ತೆ, ಕಾರಿಗೆ ಪೆಟ್ರೋಲ್ ತುಂಬಿಸಿದೀನಿ. ಅಳು ಬಂದ್ರೆ ನಾಚ್ಕೋಬೇಡ ಕಂದಾ. ಪಪ್ಪಂಗೆ ಹೇಳು, ಪಪ್ಪ ಫೋನ್ ಮಾಡ್ತಾನೆ, ನಾನು ಹೋದ ಸಲದ ಹಾಗೇ ಬಂದ್ಬಿಡ್ತೀನಿ."

"ಜೂನಲ್ಲಿ ದೀಪವಂತೆ!" ಮೇಲಿನಿಂದ ಗುನ್ವೋರ್. ಯಾವಾಗ ಬಂದು ಕೂತಿದ್ದಳೋ. "ಸೂರ್ಯನೇ ರಾತ್ರಿಯೆಲ್ಲ ಮಲಗೋಕೆ ಒಲ್ಲೆ ಅಂತಿದಾನೆ, ಅವನಿಗೂ ಒಂದು ದೀಪ ಕೊಡು ಮಾರೆನ್!"

ಮಾರೆನ್ ನಗಲಿಲ್ಲ. ಹಾಲ್ವಾರ್ ಎದ್ದು ನಿಂತ. ಮೊಣಕಾಲಿನ ಎರಡು ಕಡೆಯೂ ಹಸಿರು ಕಲೆ. ಕೈಯಲ್ಲಿ ಮಗಳ ಕಲ್ಲು. "ಮಾರೆನ್," ಎಂದ, "ಹೋದ ಸಲ..." ಮುಂದಿನ ಮಾತು ನಾಲಗೆಯ ಮೇಲೆ ಇತ್ತು, ಸರಳವಾದ ಮೂರು ನಾಲ್ಕು ಪದಗಳು, ಮಗಳಿಗೆ ಹೇಳಿದವೇ. ದೊಡ್ಡವರಿಗೆ ಹೇಳುವಾಗ ಅವೇ ಪದಗಳಿಗೆ ಇಷ್ಟು ಭಾರ ಎಲ್ಲಿಂದ ಬರುತ್ತದೆ?

"ಅಳು ಬರಲ್ಲ" ಎಂದಳು ಸುನ್ನಿವಾ. "ಪಪ್ಪನ ಕಡೆ ಗಟ್ಟಿ ಮಾಡಿದೀನಿ."

ಮಾರೆನ್‌ಳ ಕೈಯಲ್ಲಿ ಗೂಬೆ ಬೆಳಗುತ್ತಿತ್ತು, ಬಿಸಿಲಿನಲ್ಲಿ ಅದರ ಬೆಳಕು ಕಾಣುತ್ತಲೇ ಇರಲಿಲ್ಲ. ಅವಳು ಡೇರೆಯ ಒಂದು ಪಕ್ಕದ ಹೊಳೆಯುವ ಗೂಟಗಳನ್ನು ನೋಡಿದಳು. ಇನ್ನೊಂದು ಪಕ್ಕದ ಅಂಕುಡೊಂಕು ಗೂಟಗಳನ್ನು ನೋಡಿದಳು. ಆಮೇಲೆ ನಿಧಾನವಾಗಿ ಹಾಲ್ವಾರ್‌ನ ಮುಖ ನೋಡಿದಳು, ಬಹಳ ಹೊತ್ತು. ಅವನು ನೋಟ ತಪ್ಪಿಸಲಿಲ್ಲ. ತಲೆಯಾಡಿಸಿದ, ಒಂದೇ ಸಲ.

"ಓ" ಎಂದಳು ಮಾರೆನ್. "ಓ, ಹಾಲ್ವಾರ್." ಅದರಲ್ಲಿ ಬೈಗುಳ ಇತ್ತೋ ಇಲ್ಲವೋ, ಇದ್ದರೂ ಅದರ ಸರದಿ ಆಮೇಲೆ ಬರುವಂತಿತ್ತು. ಅವಳು ಎದ್ದು ನಿಂತು, ಎರಡು ಹೆಜ್ಜೆ ಮುಂದೆ ಬಂದು, ಆ ಗೂಬೆಯನ್ನು ಅವನ ಕಡೆಗೆ ಚಾಚಿದಳು. ದನಿ ಅದೇ ಮೆದು, ಆದರೆ ಈ ಸಲ ಸರಿಯಾದ ವಿಳಾಸಕ್ಕೆ. "ಹಾಗಾದ್ರೆ ನೀನೇ ಇಟ್ಕೋ. ಫೋನ್ ಮಾಡು, ಬರ್ತೀನಿ."

ಅವನ ಕೈ ಅರ್ಧ ಮೇಲೆ ಬಂದಿತ್ತು. ಸುನ್ನಿವಾ ನಡುವೆ ಬಂದು ನಿಂತು, ಗೂಬೆಯ ಹೊಟ್ಟೆ ಒತ್ತಿ ಬೆಳಕು ಆರಿಸಿ, ಅಮ್ಮನ ಕೈಯನ್ನು ಅಮ್ಮನ ಕಡೆಗೇ ತಳ್ಳಿದಳು.

"ಬೇಡ" ಎಂದಳು. "ಅವನಿಗೂ ಬೇಡ."